ನಡುಹಗಲಿನ ಸೋಲು

ನೆರೆಮನೆಯ ರಾಯರಿಗೂ ನನಗೂ ಸಾಯಂಕಾಲದ ಕಾಫಿಯು ಒಂದಿಷ್ಟು ವಾದವಿಲ್ಲದೆ ರುಚಿಸದು. ಮೊನ್ನೆ ಅವರ ಮೊಮ್ಮಗನು ಮೊಬೈಲಿನಲ್ಲಿ ಹಳೆಯ ಮುಷ್ಟಿಯುದ್ಧವೊಂದರ ಚಿತ್ರವನ್ನು ತೋರಿಸಿದುದೇ ನೆವವಾಯಿತು. “ನಿಜವಾದ ಮಹಾಮಲ್ಲನು ತನ್ನ ಉಚ್ಛ್ರಾಯಕಾಲದಲ್ಲಿ ಸೋಲುವುದೇ ಇಲ್ಲ, ವಕೀಲರೇ. ಸೋತನೆಂದರೆ ಆ ಕಾಲವು ಕಳೆದುಹೋಗಿತ್ತೆಂದೇ ತಿಳಿಯಬೇಕು” ಎಂದು ರಾಯರು ಸಿದ್ಧಾಂತ ಮಾಡಿದರು.

ನಾವು ನೋಡಿದ ಚಿತ್ರವು 1936ನೆಯ ಜೂನ್ 19ರಂದು ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಮ್ಮಿನಲ್ಲಿ ನಡೆದ ಕಾಳಗದ್ದು. ಅಮೆರಿಕದ ಜೋ ಲೂಯಿಸನಿಗೆ ಆಗ 22 ವರ್ಷ. ವೃತ್ತಿಗೆ ಇಳಿದ ಮೇಲೆ ಸೋಲೆಂಬುದನ್ನೇ ಅರಿಯದವನು. ಎದುರಾಳಿಯಾದ ಜರ್ಮನಿಯ ಮ್ಯಾಕ್ಸ್ ಷ್ಮೆಲಿಂಗನಿಗೆ 30 ವರ್ಷ. ಹಿಂದೊಮ್ಮೆ ಜಗಜ್ಜೇತನಾಗಿ ಆ ಪದವಿಯನ್ನು ಕಳೆದುಕೊಂಡವನು. ಆದರೆ ಅವನು ಲೂಯಿಸನ ಕಾಳಗಗಳ ಚಿತ್ರಗಳನ್ನು ನೋಡಿ ನೋಡಿ ಒಂದು ದೋಷವನ್ನು ಕಂಡುಕೊಂಡಿದ್ದನು. ಲೂಯಿಸನು ಎಡಗೈಯಿಂದ ಹೊಡೆದ ಮೇಲೆ ಆ ಕೈಯು ತುಸು ತಗ್ಗುತ್ತಿದ್ದಿತು. ಆ ತೆರವಿನಲ್ಲಿಯೇ ಷ್ಮೆಲಿಂಗನು ತನ್ನ ಬಲಗೈಯನ್ನು ಬೀಸಿದನು. ನಾಲ್ಕನೆಯ ಸುತ್ತಿನಲ್ಲಿ ಲೂಯಿಸನು ನೆಲಕಂಡನು. ಹನ್ನೆರಡನೆಯ ಸುತ್ತಿನಲ್ಲಿ ಬಿದ್ದವನು ಎಣಿಕೆ ಮುಗಿಯುವುದರೊಳಗೆ ಏಳಲಿಲ್ಲ.

“ಆಗ ಅವನಿನ್ನೂ ಪಕ್ವವಾಗಿರಲಿಲ್ಲ” ಎಂದರು ರಾಯರು. ನಾನು ಷುಗರ್ ರೇ ರಾಬಿನ್ಸನನನ್ನು ಮುಂದಿಟ್ಟೆನು. ನಲವತ್ತು ಕಾಳಗಗಳನ್ನು ಸತತವಾಗಿ ಗೆದ್ದಿದ್ದ ಅವನು 1943ನೆಯ ಫೆಬ್ರವರಿ 5ರಂದು ಜೇಕ್ ಲಾಮೊಟ್ಟನಿಗೆ ಸೋತು, ಅದೇ ತಿಂಗಳ 26ರಂದು ಅವನನ್ನೇ ಗೆದ್ದನು. “ಎದುರಾಳಿಯ ತೂಕ ಹೆಚ್ಚು” ಎಂದರು. 1971ರಲ್ಲಿ ಫ್ರೇಜಿಯರನಿಗೆ ಸೋತ ಮುಹಮ್ಮದ್ ಅಲಿಯ ಮಾತೆತ್ತಿದರೆ, “ಅದಕ್ಕೆ ಮುಂಚೆ ಮೂರು ವರ್ಷಕ್ಕೂ ಮಿಕ್ಕಿ ಅವನಿಗೆ ಕಣವೇ ಇರಲಿಲ್ಲ” ಎಂದರು. ಇವುಗಳಲ್ಲಿ ಒಂದೂ ಸುಳ್ಳಲ್ಲ. ಆದರೆ ಸೋತ ಮೇಲೆ ಉಚ್ಛ್ರಾಯದ ಗಡಿಕಲ್ಲನ್ನು ಒಮ್ಮೆ ಹಿಂದಕ್ಕೂ ಒಮ್ಮೆ ಮುಂದಕ್ಕೂ ಸರಿಸುವ ಹಕ್ಕು ನಮಗಿದ್ದರೆ, ಆ ಹೊಲದಲ್ಲಿ ಸೋಲು ಎಂದಿಗೂ ಬೆಳೆಯದಷ್ಟೆ.

ವಾದದಲ್ಲಿ ಗೆದ್ದೆನೆಂದು ಹಿಗ್ಗಿ ಮನೆಗೆ ಬಂದೆನು. ರಾತ್ರಿ ಮಾತ್ರ ನಿದ್ರೆ ಹತ್ತಲಿಲ್ಲ. ಏಕೆಂದರೆ ಮೂವತ್ತು ವರ್ಷಗಳಿಂದ ಅಂತಹ ಗಡಿಕಲ್ಲೊಂದನ್ನು ನಾನೂ ಸರಿಸುತ್ತಲೇ ಬಂದಿದ್ದೇನೆ.

ನನ್ನ ನಲವತ್ತೆರಡನೆಯ ವಯಸ್ಸಿನಲ್ಲಿ, ನನ್ನ ವಕೀಲಿಯು ಊರಿನಲ್ಲೆಲ್ಲ ಹೆಸರಾಗಿದ್ದಾಗ, ಒಬ್ಬ ಬಡ ಒಕ್ಕಲಿನ ಎರಡು ಎಕರೆಯ ದಾವೆಯನ್ನು ಸೋತೆನು. ಎದುರು ವಕೀಲನು ಮೀಸೆ ಚಿಗುರುತ್ತಿದ್ದ ಹುಡುಗ. ಅವನು ತಿಂಗಳುಗಟ್ಟಲೆ ಹಿಂದಿನ ಬೆಂಚಿನಲ್ಲಿ ಕುಳಿತು, ನಾನು ಕಾಗದಪತ್ರಗಳನ್ನು ಬಿಚ್ಚದೆ ಜ್ಞಾಪಕಶಕ್ತಿಯಿಂದಲೇ ವಾದಿಸುವುದನ್ನು ಗಮನಿಸಿದ್ದನು. ಪಾಟೀಸವಾಲಿನಲ್ಲಿ ನಮ್ಮ ಕ್ರಯಪತ್ರವನ್ನೇ ಎತ್ತಿ, ಪೂರ್ವದ ಚಕ್ಕುಬಂದಿಯಲ್ಲಿ ನೆರೆಯವನ ಹೆಸರು ಬೇರೆಯಾಗಿರುವುದನ್ನು ತೋರಿಸಿದನು. ನಾನು ತಡವರಿಸಿದೆನು. ಅದಕ್ಕೆ ಸಮಾಧಾನ ಹೇಳುವ ವಿಭಾಗಪತ್ರವು ನನ್ನ ಕಟ್ಟಿನಲ್ಲಿಯೇ ಇದ್ದಿತು! ಹಿಂದಿನ ರಾತ್ರಿ ಕಟ್ಟನ್ನು ಬಿಚ್ಚಿದ್ದರೆ ಸಾಕಾಗಿತ್ತು. ‘ಅಂದು ನನಗೆ ಜ್ವರವಿತ್ತು’ ಎಂದು ಅಂದಿನಿಂದ ಎಲ್ಲರಿಗೂ ಹೇಳುತ್ತಿದ್ದೇನೆ.

ಲೂಯಿಸನಿಗೂ ನೆವಗಳಿಗೆ ಕೊರತೆಯಿರಲಿಲ್ಲ. ಆದರೂ ಗಾಲ್ಫ್ ಆಟದ ಮೋಹದಲ್ಲಿ ಅಭ್ಯಾಸವನ್ನು ಅಲಕ್ಷಿಸಿದೆನೆಂದು ಅವನೇ ಒಪ್ಪಿಕೊಂಡನು. ಗುರು ಜ್ಯಾಕ್ ಬ್ಲ್ಯಾಕ್‌ಬರ್ನನ ಕೈಕೆಳಗೆ ಆ ಎಡಗೈಯನ್ನು ತಿದ್ದಿಕೊಂಡನು. 1937ರಲ್ಲಿ ಜಗಜ್ಜೇತನಾದನು. 1938ನೆಯ ಜೂನ್ 22ರಂದು ಅದೇ ಕಣದಲ್ಲಿ ಅದೇ ಷ್ಮೆಲಿಂಗನನ್ನು 124 ಸೆಕೆಂಡುಗಳಲ್ಲಿ ಮುಗಿಸಿದನು. ಮುಂದೆ 1949ರಲ್ಲಿ ತಾನಾಗಿ ಬಿಡುವವರೆಗೆ ಆ ಪದವಿಯನ್ನು ಯಾರೂ ಅವನಿಂದ ಕಸಿಯಲಾರದೆ ಹೋದರು. 1950ರಲ್ಲಿ ಮರಳಿ ಬಂದು ಎಜರ್ಡ್ ಚಾರ್ಲ್ಸನಿಗೆ ಸೋತದ್ದು ಮುಪ್ಪಿನ ಸೋಲು, ಅದಕ್ಕೆ ಮದ್ದಿಲ್ಲ. 1936ರದು ನಡುಹಗಲಿನ ಸೋಲು. ಅದಕ್ಕೆ ಮದ್ದಿದ್ದಿತು, ಸೋಲನ್ನು ಸೋಲೆಂದು ಕರೆದುದರಿಂದಲೇ ಅದು ಸಿಕ್ಕಿತು.

ನಾನು ಮಾಡಿದುದೇನು? ಕಕ್ಷಿಗಾರನು “ಅಪೀಲು ಹೋಗೋಣವೇ ಸ್ವಾಮಿ?” ಎಂದು ಕೈಮುಗಿದು ಕೇಳಿದಾಗ, “ಫಲವಿಲ್ಲಪ್ಪ” ಎಂದುಬಿಟ್ಟೆನು. ಅಪೀಲಿಗೆ ಹೋದರೆ ಆ ವಿಭಾಗಪತ್ರವು ಹೊರಬರುತ್ತಿತ್ತು. ಅದರೊಡನೆ ನನ್ನ ತಪ್ಪೂ ಹೊರಬರುತ್ತಿತ್ತು. ನನ್ನ ಹೆಸರು ಉಳಿಯಿತು. ಅವನ ಎರಡು ಎಕರೆ ಹೋಯಿತು.

ಮರುದಿನ ಇದೆಲ್ಲವನ್ನೂ ರಾಯರಿಗೆ ಹೇಳಿದೆನು. ಅವರು ಬಹಳ ಹೊತ್ತು ಸುಮ್ಮನಿದ್ದು, “ಆದರೂ ಜ್ವರವಿದ್ದುದು ನಿಜವಷ್ಟೆ?” ಎಂದರು.

“ನಿಜ ರಾಯರೇ. ಆದರೆ ಗೆದ್ದ ದಿನಗಳಲ್ಲಿಯೂ ಎಷ್ಟೋ ಸಲ ಜ್ವರವಿದ್ದಿತು. ಅದನ್ನು ಮಾತ್ರ ನಾನು ಯಾರಿಗೂ ಹೇಳಿದವನಲ್ಲ.”