ರಾವಣ ಕಿಲ್ಡ್ ರಾಮ

ನಮ್ಮೂರ ಕನ್ನಡ ಶಾಲೆಯಲ್ಲಿ ಎಬಿಸಿಡಿ ಶುರುವಾಗುತ್ತಿದ್ದುದು ಐದನೇ ಕ್ಲಾಸಿನಲ್ಲಿ. ಆರಕ್ಕೆ ಬರುವಷ್ಟರಲ್ಲಿ ನಾನು ರಾಮಾಯಣವನ್ನೇ ತಲೆಕೆಳಗು ಮಾಡಿದ್ದೆ. ‘ರಾಮನು ರಾವಣನನ್ನು ಕೊಂದನು’ ಎಂಬುದನ್ನು ಇಂಗ್ಲಿಷಿನಲ್ಲಿ ಬರೆಯಲು ಮೇಷ್ಟ್ರು ಹೇಳಿದ್ದರು. ಹಿಂದಿನ ದಿನವಷ್ಟೇ ಕನ್ನಡ ಪಂಡಿತರು ಅದೇ ವಾಕ್ಯವನ್ನು ‘ರಾವಣನನ್ನು ರಾಮನು ಕೊಂದನು’, ‘ಕೊಂದನು ರಾವಣನನ್ನು ರಾಮನು’ ಎಂದೆಲ್ಲ ತಿರುವಿ, ಹೇಗೆ ಹೇಳಿದರೂ ಸಾಯುವವನು ರಾವಣನೇ ಎಂದು ತೋರಿಸಿದ್ದರು. ಅದೇ ಧೈರ್ಯದ ಮೇಲೆ ‘ರಾವಣ ಕಿಲ್ಡ್ ರಾಮ’ ಎಂದು ಬರೆದು ಮೇಜಿನ ಮೇಲಿಟ್ಟೆ.

“ಯಾರು ಯಾರನ್ನ ಕೊಂದ್ರೋ?”

“ರಾಮ ರಾವಣನ್ನ, ಸಾರ್.”

“ಬರ್ದಿರೋದೇನು?”

“ಅದೇ ಸಾರ್. ಎಲ್ರಿಗೂ ಗೊತ್ತಿರೋ ಕತೇನೇ ಅಲ್ವಾ?”

ಕೈ ಚಾಚು ಎಂದರು. ಎರಡು ಏಟು.

ಊದಿದ ಅಂಗೈ ನೋಡಿ ಪಂಡಿತರು ಮಧ್ಯಾಹ್ನ ಸಮಾಧಾನ ಹೇಳಿದರು. “ನಮ್ಮ ಪದಕ್ಕೆ ವಿಭಕ್ತಿ ಅನ್ನೋ ಉಡಿದಾರ ಇದೆ ಕಣೋ. ಎಲ್ಲಿ ಓಡಾಡಿದ್ರೂ ಚಡ್ಡಿ ನಿಲ್ಲುತ್ತೆ. ಇಂಗ್ಲಿಷಿನವರದ್ದು ಉಡಿದಾರ ಕಿತ್ತುಹೋಗಿದೆ. ಕೂತ ಜಾಗ ಬಿಟ್ಟು ಏಳೋ ಹಾಗಿಲ್ಲ.”

ಅವರಿಗೆ ಇಂಗ್ಲಿಷ್ ಹೆಚ್ಚೇನೂ ಬರುತ್ತಿರಲಿಲ್ಲ. ಆದರೆ ‘ಕಿತ್ತುಹೋಗಿದೆ’ ಎಂದ ಮಾತು ಅಕ್ಷರಶಃ ನಿಜ ಎಂದು ನನಗೆ ತಿಳಿದದ್ದು ಕಾಲೇಜು ಮುಗಿದು ಎಷ್ಟೋ ವರ್ಷಗಳ ಮೇಲೆ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿಗೆ ವಿಭಕ್ತಿಗಳಿದ್ದವು. ಅರಸ ಕೊಂದವನಾದರೆ ‘ಸೆ ಕ್ಯುನಿಂಗ್’, ಸತ್ತವನಾದರೆ ‘ಥೊನೆ ಕ್ಯುನಿಂಗ್’. ಇವತ್ತಿನ ‘ದ ಕಿಂಗ್’ ಎರಡಕ್ಕೂ ಒಂದೇ. ಆಗ ಪದಗಳನ್ನು ಬಹುಮಟ್ಟಿಗೆ ಬೇಕಾದ ಕಡೆ ಕೂರಿಸಬಹುದಿತ್ತು. ನಾನು ಬರೆದಂಥ ವಾಕ್ಯಕ್ಕೆ ಅಲ್ಲಿ ಏಟು ಬೀಳುತ್ತಿರಲಿಲ್ಲವೋ ಏನೋ!

ಉಡಿದಾರ ಒಂದೇ ದಿನ ಹರಿಯಲಿಲ್ಲ, ಸವೆಯಿತು. ಪದದ ಮೊದಲ ಭಾಗವನ್ನು ಒತ್ತಿ ಹೇಳಿ ಕೊನೆಯನ್ನು ನುಂಗುವ ಅಭ್ಯಾಸ ಆ ಭಾಷೆಗೆ ಮೊದಲಿಂದಲೂ ಇತ್ತು. ಅದರ ಮೇಲೆ ವೈಕಿಂಗರು ಬಂದು ನೆಲೆಸಿದರು. ಅವರ ಮಾತೂ ಇಂಗ್ಲಿಷಿನ ದಾಯಾದಿಯೇ, ಪದಗಳು ಒಂದಕ್ಕೊಂದು ಹೋಲುತ್ತಿದ್ದವು, ಬಾಲಗಳು ಮಾತ್ರ ಬೇರೆ. ಸಂತೆಯಲ್ಲಿ ಕುರಿ ಕೊಳ್ಳುವವನಿಗೆ ತಲೆ ತಿಳಿದರೆ ಸಾಕು, ಬಾಲ ಯಾಕೆ? ಹೀಗೆ ಬಾಲ ಉದುರಿರಬೇಕು ಎಂದು ಭಾಷಾವಿಜ್ಞಾನಿಗಳು ಊಹಿಸುತ್ತಾರೆ. 1066ರಲ್ಲಿ ನಾರ್ಮನ್ನರು ಗೆದ್ದ ಮೇಲೆ ಅರಮನೆಗೆ ಫ್ರೆಂಚ್ ಬಂತು, ಇಂಗ್ಲಿಷನ್ನು ತಿದ್ದಿ ಬರೆಸುವವರೂ ಕಡಿಮೆಯಾದರು. ಕೊನೆಗೆ ಉಳಿದದ್ದು ‘ಹೀ–ಹಿಮ್’, ‘ದೇ–ದೆಮ್’ನಂಥ ಒಂದಷ್ಟು ಎಳೆಗಳು. ‘ಹೂಮ್’ ಅಂತೂ ಈಗ ಅರ್ಜಿಗಳ ತಲೆಬರಹದಲ್ಲಷ್ಟೇ ಉಸಿರಾಡುತ್ತಿದೆ. ಪ್ರತ್ಯಯ ಹೋದ ಮೇಲೆ ಜಾಗವೇ ಗತಿ: ಕರ್ತೃ ಮುಂದೆ, ಕ್ರಿಯೆ ನಡುವೆ, ಕರ್ಮ ಹಿಂದೆ.

ಹೈಸ್ಕೂಲಿನಲ್ಲಿ ಕೈಗೆ ಬಂದ ದಪ್ಪ ವ್ಯಾಕರಣದ ಪುಸ್ತಕ ‘ವ್ರೆನ್ ಅಂಡ್ ಮಾರ್ಟಿನ್’ ಇದನ್ನು ಹೀಗೆ ಬಿಡಿಸಿ ಹೇಳಲೇ ಇಲ್ಲ. ನಾಮಪದದ ರೂಪ ಒಂದಿಷ್ಟೂ ಬದಲಾಗದಿದ್ದರೂ ಅದು ‘ನಾಮಿನೇಟಿವ್ ಕೇಸ್’, ಇದು ‘ಅಕ್ಯುಸೇಟಿವ್ ಕೇಸ್’ ಎಂದು ಬಾಯಿಪಾಠ ಮಾಡಿದೆವು. ಲ್ಯಾಟಿನ್ನಿನ ಅಂಗಿಯನ್ನು ಇಂಗ್ಲಿಷಿಗೆ ತೊಡಿಸುವ ಹಳೆಯ ಚಾಳಿ ಅದು. (ಆ ವ್ರೆನ್ ಬೇರೆ ಯಾರೂ ಅಲ್ಲ, 1924ರಲ್ಲಿ ‘ಬೋ ಜೆಸ್ಟ್’ ಎಂಬ ಸಾಹಸದ ಕಾದಂಬರಿ ಬರೆದವನು. ನಮಗೆ ಅದನ್ನು ಕೊಟ್ಟಿದ್ದರೆ ಇಂಗ್ಲಿಷ್ ಬೇಗ ಬರುತ್ತಿತ್ತು.)

ಜಾಗದ ಈ ಹಟ ಎಲ್ಲಿಯವರೆಗೆ ಹೋಗಿದೆ ಎಂದರೆ, ಕರ್ತೃವಿನ ಕುರ್ಚಿ ಖಾಲಿ ಬಿಡುವಂತಿಲ್ಲ. ನಾವು ‘ಮಳೆ ಬರ್ತಿದೆ’ ಅಂದು ಕೊಡೆ ಹುಡುಕುತ್ತೇವೆ. ಅವರು ‘ಇಟ್ ಈಸ್ ರೇನಿಂಗ್’ ಅನ್ನಬೇಕು. ಆ ‘ಇಟ್’ ಯಾರು ಎಂದು ಕೇಳಿದ್ದಕ್ಕೂ ನನಗೆ ಉತ್ತರ ಸಿಗಲಿಲ್ಲ. ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ, ಅಷ್ಟೆ.

ಹಾಗೆಂದು ನಮ್ಮ ಉಡಿದಾರವೂ ಎಲ್ಲ ಹೊತ್ತಿನಲ್ಲೂ ಬಿಗಿಯಾಗಿಯೇ ಇರುತ್ತದೆ ಎಂದಲ್ಲ. ಆಡುಮಾತಿನಲ್ಲಿ ರಾಮನು ಬರೀ ರಾಮ. ‘ಅನ್ನವನ್ನು ಉಂಡೆ’ ಎಂದು ಮನೆಯಲ್ಲಿ ಯಾರೂ ಅನ್ನುವುದಿಲ್ಲ, ‘ಅನ್ನ ಉಂಡೆ’ ಅಷ್ಟೆ. ಅನ್ನ ತಿರುಗಿ ನಮ್ಮನ್ನು ಉಣ್ಣಲಾರದೆಂಬ ನಂಬಿಕೆ. ಮನುಷ್ಯರ ವಿಷಯದಲ್ಲಿ ಮಾತ್ರ ಆ ನಂಬಿಕೆ ಸಾಲದು, ‘ರಾಮ ರಾವಣನ್ನ’ ಎನ್ನಲೇಬೇಕು.

ಬೆಂಗಳೂರಿನಲ್ಲಿ ಇಂಗ್ಲಿಷ್ ಮೀಡಿಯಂನಲ್ಲಿ ಓದುವ ನನ್ನ ತಂಗಿಯ ಮಗಳಿಗೆ ಈ ಮರ್ಯಾದೆ ತಿಳಿಯದು. ರಜೆಗೆ ಊರಿಗೆ ಹೋದವಳು ಕಳೆದ ವಾರ ನನ್ನ ಮೊಬೈಲಿಗೆ ಮೂರೇ ಪದ ಕಳಿಸಿದಳು: ‘ಅಜ್ಜಿ ನಾಯಿ ಕಚ್ಚಿತು’. ವಿಭಕ್ತಿ ಒಂದೂ ಇಲ್ಲ. ಇಂಗ್ಲಿಷಿನ ಲೆಕ್ಕದಲ್ಲಿ ಮುಂದೆ ಕೂತ ಅಜ್ಜಿಯೇ ಅಪರಾಧಿ. ಆದರೆ ಕೊನೆಯಲ್ಲೊಂದು ‘ತು’ ಇತ್ತಲ್ಲ! ಅಜ್ಜಿಯಾಗಿದ್ದರೆ ‘ಕಚ್ಚಿದಳು’ ಆಗಬೇಕಿತ್ತು. ಫೋನು ಮಾಡಿದೆ.

ನಾಯಿಯೇ ಕಚ್ಚಿದ್ದು. ಅಮ್ಮನಿಗೆ ಎರಡು ಇಂಜೆಕ್ಷನ್ ಆಗಿದೆ, ಮುಂದಿನದು ನಾಳೆ.