ಗಾಜಿನ ತೊಟ್ಟಿಗೆ ಯಾವ ಗಿಡ?

ನಮ್ಮೂರು ತಾವರಗೇರಾ. ಹೆಸರಿನಲ್ಲಿ ತಾವರೆಯೂ ಇದೆ, ಕೆರೆಯೂ ಇದೆ. ಆದರೆ ತುಂಗಭದ್ರಾ ಎಡದಂಡೆ ಕಾಲುವೆ ಗಂಗಾವತಿಯ ಗದ್ದೆಗಳನ್ನು ಹಸಿರಾಗಿಸಿತೇ ಹೊರತು ಕುಷ್ಟಗಿ ತಾಲೂಕಿನ ನಮ್ಮ ಕಡೆಗೆ ಬರಲಿಲ್ಲ. ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ನೀರು ಎಂದರೆ ಮಳೆಯನ್ನು ನಂಬಿದ ಕೆರೆ, ಇಲ್ಲವೇ ಕೊಳವೆಬಾವಿಯ ಸವಳು ನೀರು. ಇಂಥ ಊರಿನ ಶಾಲೆಗೆ ಜಲಸಸ್ಯಗಳಿರುವ ಮೀನಿನ ತೊಟ್ಟಿಯೊಂದನ್ನು ಕಾಣಿಕೆಯಾಗಿ ಕೊಡಬೇಕೆಂದು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಂಕಲ್ಪ ಮಾಡಿದ್ದಾನೆ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಆತ ಒಂದು ಪಟ್ಟಿಯನ್ನೂ ಕಳುಹಿಸಿದ್ದಾನೆ: ನೆಲಕ್ಕೆ ಹುಲ್ಲುಹಾಸಿನಂತೆ ಹರಡುವ ಗಿಡ, ಕೆಂಪೆಲೆಯ ರೊಟಾಲಾ, ನವಿರಾದ ಕಬೋಂಬಾ, ಪ್ರಖರ ದೀಪ, ಕಾರ್ಬನ್ ಡೈಆಕ್ಸೈಡಿನ ಸಿಲಿಂಡರು. "ಸರ್, ಇವುಗಳಲ್ಲಿ ಯಾವುದು ನಮ್ಮೂರಿಗೆ ಸರಿಹೋದೀತು?" ಎಂಬುದು ಆತನ ಪ್ರಶ್ನೆ. ಉತ್ತರ ಉಳಿದವರಿಗೂ ಉಪಯೋಗವಾಗಲೆಂದು ಇಲ್ಲಿಯೇ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ಮಾತು. ನಾನು ಸೇವೆ ಸಲ್ಲಿಸಿದ ಶಾಲೆಯೊಂದಕ್ಕೆ ದಾನಿಯೊಬ್ಬರು ಇಂಥದೇ ಸುಂದರವಾದ ತೊಟ್ಟಿಯನ್ನು ಕೊಟ್ಟಿದ್ದರು. ಉದ್ಘಾಟನೆಯ ದಿನ ಮಕ್ಕಳು ಗಾಜಿಗೆ ಮೂಗು ಒತ್ತಿ ನಿಂತಿದ್ದರು. ಒಂದು ತಿಂಗಳಲ್ಲಿ ಗಿಡಗಳು ಕೊಳೆತವು, ಗಾಜಿಗೆ ಪಾಚಿ ಹತ್ತಿತು, ಬೇಸಿಗೆ ರಜೆ ಮುಗಿಯುವಷ್ಟರಲ್ಲಿ ಮೀನುಗಳೂ ಇಲ್ಲವಾದವು. ಮರುವರ್ಷ ಆ ತೊಟ್ಟಿ ಹಳೆಯ ಉತ್ತರಪತ್ರಿಕೆಗಳನ್ನು ತುಂಬುವ ಪೆಟ್ಟಿಗೆಯಾಯಿತು. ಹಣ ಹೋದದ್ದು ದೊಡ್ಡದಲ್ಲ. ನೀರಿನಲ್ಲಿ ತಂದಿಟ್ಟದ್ದು ಸಾಯುತ್ತದೆ ಎಂಬ ಪಾಠವನ್ನು ಆ ಮಕ್ಕಳು ಕಲಿತರಲ್ಲ, ಅದು ನನಗೆ ಇಂದಿಗೂ ನೋವಿನ ಸಂಗತಿ. ಆದ್ದರಿಂದ ಗಿಡದ ಆಯ್ಕೆ ಅಂದಚಂದದ ಪ್ರಶ್ನೆಯಲ್ಲ. ನಮ್ಮಲ್ಲಿರುವ ನೀರು, ಬೆಳಕು, ಬಿಸಿಲುಗಳಿಗೆ ಒಪ್ಪುವ ಗಿಡ ಯಾವುದು ಎಂಬುದೇ ಪ್ರಶ್ನೆ. ಗಿಡಕ್ಕಾಗಿ ನೀರನ್ನು ಬದಲಿಸಹೊರಟರೆ ಅದು ದಿನನಿತ್ಯದ ಹೋರಾಟ. ನೀರನ್ನು ನೋಡಿ ಗಿಡವನ್ನು ಆರಿಸಿದರೆ ಹೋರಾಟವೇ ಇಲ್ಲ.

ನನ್ನ ತರಗತಿಯಲ್ಲಿ ಕುಳಿತವರಿಗೆಲ್ಲ ಹೈಡ್ರಿಲ್ಲಾ ಪ್ರಯೋಗ ನೆನಪಿರಬೇಕು. ಬೀಕರಿನ ನೀರಿನಲ್ಲಿ ಹೈಡ್ರಿಲ್ಲಾ ಎಳೆಗಳು, ಅವುಗಳ ಮೇಲೆ ಬೋರಲು ಹಾಕಿದ ಆಲಿಕೆ, ಆಲಿಕೆಯ ಮೇಲೆ ನೀರು ತುಂಬಿದ ಪ್ರನಾಳ. ಬಿಸಿಲಿಗಿಟ್ಟರೆ ಗುಳ್ಳೆಗಳು ಏಳುತ್ತಿದ್ದವು. ನೀರಿಗೆ ಒಂದು ಚಿಟಿಕೆ ಅಡುಗೆ ಸೋಡಾ ಹಾಕಿದರೆ ಗುಳ್ಳೆಗಳು ಹೆಚ್ಚುತ್ತಿದ್ದವು. ಏಕೆ? ಸೋಡಾ ಎಂದರೆ ಸೋಡಿಯಂ ಬೈಕಾರ್ಬೊನೇಟ್. ನೀರಿನಲ್ಲಿ ಮುಳುಗಿರುವ ಗಿಡಕ್ಕೆ ಇಂಗಾಲದ ಕೊರತೆಯೇ ದೊಡ್ಡ ಕಷ್ಟ, ಏಕೆಂದರೆ ಕಾರ್ಬನ್ ಡೈಆಕ್ಸೈಡ್ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಸಿಲಿಂಡರಿನ ಅಗತ್ಯ ಹುಟ್ಟುವುದು ಈ ಕಾರಣದಿಂದಲೇ. ಆದರೆ ಕೆಲವು ಗಿಡಗಳು ಬೈಕಾರ್ಬೊನೇಟಿನಿಂದಲೂ ಇಂಗಾಲವನ್ನು ಪಡೆಯಬಲ್ಲವು. ಹೈಡ್ರಿಲ್ಲಾ ಅಂಥದ್ದು, ವ್ಯಾಲಿಸ್ನೇರಿಯಾ ಅಂಥದ್ದು, ಪೇಟೆಯಲ್ಲಿ ಹಾರ್ನ್‌ವರ್ಟ್ ಎಂದು ಮಾರುವ ಸೆರಟೋಫಿಲ್ಲಮ್ ಕೂಡ ಅಂಥದ್ದೇ.

ಇನ್ನು ನಮ್ಮ ಕೊಳವೆಬಾವಿಯ ನೀರನ್ನು ನೆನೆಯಿರಿ. ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿಯ ಪೊರೆ ಕಟ್ಟುತ್ತದೆ. ಬೇಳೆ ಬೇಗ ಬೇಯುವುದಿಲ್ಲ, ಸಾಬೂನು ನೊರೆ ಬಿಡುವುದಿಲ್ಲ. ಆ ಬಿಳಿ ಪೊರೆ ನೀರಿನಲ್ಲಿದ್ದ ಬೈಕಾರ್ಬೊನೇಟಿನಿಂದಲೇ ಆದದ್ದು. ಅಂದರೆ ನಾವು ಬೀಕರಿಗೆ ಹಾಕುತ್ತಿದ್ದ ಚಿಟಿಕೆಯನ್ನು ಭೂಮಿ ಮೊದಲೇ ಹಾಕಿಟ್ಟಿದೆ. ಮನೆಯವರು ದಿನವೂ ಬೈಯುವ ಆ ಗಡಸು ನೀರು ಈ ಮೂರು ಗಿಡಗಳಿಗೆ ಆಹಾರ. ರೊಟಾಲಾ, ಕಬೋಂಬಾಗಳಿಗಾದರೋ ಮೃದು ನೀರು ಬೇಕು. ಪಾಚಿಯಂತೆ ಕಾಣುವ ಜಾವಾ ಮಾಸ್ ತಂಪನ್ನು ಬಯಸುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಹೊರಗೆ 40 ಡಿಗ್ರಿ ಕಾಯುವ ನಮ್ಮ ಊರಿನಲ್ಲಿ ಅದು ಸುಖವಾಗಿರಲಾರದು. ಪ್ರಖರ ದೀಪವೂ ಬೇಡ. ಬೆಳಕು ಹೆಚ್ಚಾಗಿ ಇಂಗಾಲ ಸಾಲದಾದಾಗ ಗಿಡ ಬೆಳೆಯಲಾರದೆ ನಿಲ್ಲುತ್ತದೆ, ಅದರ ಪಾಲನ್ನು ಪಾಚಿ ತಿನ್ನುತ್ತದೆ. ನೇರ ಬಿಸಿಲು ಬೀಳದ, ಉತ್ತರಕ್ಕೆ ಕಿಟಕಿಯಿರುವ ಗೋಡೆಯ ಬದಿ ಸಾಕು. ವಿದ್ಯುತ್ತು ಹೋದರೂ ಇಂಥ ತೊಟ್ಟಿಗೆ ಭಯವಿಲ್ಲ.

ಈ ಮಾರ್ಗ ಹೊಸದೇನಲ್ಲ. 1850ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಎರಡು ಚಿನ್ನದ ಮೀನು, ಕೆಲವು ಬಸವನಹುಳು ಮತ್ತು ಒಂದು ಜಲಸಸ್ಯವನ್ನು ಒಟ್ಟಿಗಿಟ್ಟು, ಗಿಡ ಮತ್ತು ಪ್ರಾಣಿ ಪರಸ್ಪರ ಬದುಕಿಸಬಲ್ಲವೆಂದು ತೋರಿಸಿದನು. ಆಗ ವಿದ್ಯುತ್ತಿನ ಪಂಪೂ ಇರಲಿಲ್ಲ, ದೀಪವೂ ಇರಲಿಲ್ಲ. ಆತ ಆರಿಸಿದ ಗಿಡ ವ್ಯಾಲಿಸ್ನೇರಿಯಾ! ಅಮೆರಿಕದ ಡಯಾನಾ ವಾಲ್‌ಸ್ಟಾಡ್ 1999ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಮರಳಿನ ಕೆಳಗೆ ಸಾಮಾನ್ಯ ಮಣ್ಣನ್ನು ಹಾಸಿ ಇಂಥದೇ ಸರಳ ತೊಟ್ಟಿಯನ್ನು ನಡೆಸುವ ಬಗೆಯನ್ನು ವಿವರಿಸಿದ್ದಾರೆ.

ಆದ್ದರಿಂದ ಶಿಷ್ಯನಿಗೆ ನನ್ನ ಸಲಹೆ ಇಷ್ಟು. ಎರಡು ಅಡಿ ಉದ್ದ, ಒಂದೊಂದು ಅಡಿ ಅಗಲ ಎತ್ತರಗಳ ತೊಟ್ಟಿ ಸಾಕು. ಸುಮಾರು 56 ಲೀಟರ್ ನೀರು ಹಿಡಿಯುತ್ತದೆ. ತಳಕ್ಕೆ ಒಂದು ಅಂಗುಲ ಮಸಾರಿ ಮಣ್ಣು, ಅದರ ಮೇಲೆ ತೊಳೆದ ಮರಳು ಒಂದೂವರೆ ಅಂಗುಲ. ಎರೆ ಮಣ್ಣು ಬೇಡ, ಅದು ಉಬ್ಬಿ ನೀರನ್ನು ಕದಡುತ್ತದೆ. ಗೊಬ್ಬರ ಹಾಕಿದ ಹೊಲದ ಮಣ್ಣೂ ಬೇಡ. ನಲ್ಲಿಯ ನೀರಾದರೆ ಅದರ ಕ್ಲೋರಿನ್ ಹೋಗಲು ಒಂದು ದಿನ ಬಾಯ್ತೆರೆದ ಬಕೆಟ್ಟಿನಲ್ಲಿಡಬೇಕು.

ಹಿಂಬದಿಗೆ ವ್ಯಾಲಿಸ್ನೇರಿಯಾ. ನೆಡುವಾಗ ಬೇರು ಮಾತ್ರ ಮರಳಿನಲ್ಲಿರಲಿ. ಎಲೆಗಳು ಹೊರಡುವ ಬಿಳಿಯ ಬುಡ ಹೂತುಹೋಗಬಾರದು. ಮೊದಲ ಎರಡು ವಾರ ಹಳೆಯ ಎಲೆಗಳು ಕರಗಬಹುದು. ಸತ್ತಿತೆಂದು ಕಿತ್ತೊಗೆಯದೆ ಕಾಯಬೇಕು. ಬುಡದಿಂದ ಹೊಸ ಎಲೆ ಬರುತ್ತದೆ, ಅನಂತರ ಬಳ್ಳಿ ಹರಿದು ಮರಿಗಿಡಗಳಾಗುತ್ತವೆ. ಇದರ ಹೆಣ್ಣು ಹೂವು ಉದ್ದನೆಯ ತೊಟ್ಟಿನ ಮೇಲೆ ನೀರಿನ ಮಟ್ಟಕ್ಕೇರುತ್ತದೆ, ಗಂಡು ಹೂವುಗಳು ಬುಡದಿಂದ ಕಳಚಿ ತೇಲಿಬಂದು ಅದನ್ನು ಮುಟ್ಟುತ್ತವೆ, ಪರಾಗಸ್ಪರ್ಶದ ಬಳಿಕ ತೊಟ್ಟು ಸುರುಳಿಯಾಗಿ ಕೆಳಗಿಳಿಯುತ್ತದೆ. ಪಠ್ಯಪುಸ್ತಕದ ಚಿತ್ರದಲ್ಲಿ ಮಾತ್ರ ನೋಡಿದ್ದನ್ನು ಮಕ್ಕಳು ಕಣ್ಣಾರೆ ಕಾಣುವ ಸಾಧ್ಯತೆಯಿದೆ. ಮೇಲ್ಭಾಗಕ್ಕೆ ಬೇರೇ ಇಲ್ಲದ ಹಾರ್ನ್‌ವರ್ಟನ್ನು ತೇಲಬಿಡಲಿ; ಹೊಸ ತೊಟ್ಟಿಯಲ್ಲಿ ಮೀನಿನ ಮಲದಿಂದ ಹುಟ್ಟುವ ಅಮೋನಿಯಾವನ್ನು ಅದು ಬೇಗ ಹೀರಿಕೊಳ್ಳುತ್ತದೆ. ಒಂದು ಮೂಲೆಗೆ ಹೈಡ್ರಿಲ್ಲಾ ಇದ್ದರೆ ಪ್ರಯೋಗಕ್ಕೆ ಬೇಕಾದಾಗಲೆಲ್ಲ ಮಾಸ್ತರರ ಕೈಗೆ ಸಿಗುತ್ತದೆ. ಇವು ಮೂರೂ ನಮ್ಮ ದೇಶದ ಕೆರೆ ಕಾಲುವೆಗಳಲ್ಲಿ ಸಹಜವಾಗಿ ಬೆಳೆಯುವಂಥವು. ಕೆರೆಯಿಂದ ತಂದರೆ ಚೆನ್ನಾಗಿ ತೊಳೆದು, ಕೆಲವು ದಿನ ಬೇರೆ ಬಕೆಟ್ಟಿನಲ್ಲಿಟ್ಟು ನೋಡಬೇಕು; ಏರೋಪ್ಲೇನ್ ಚಿಟ್ಟೆಯ ಮರಿ ಒಂದಿದ್ದರೂ ಮೀನಿನ ಮರಿಗಳನ್ನು ತಿಂದೀತು.

ಅಂಗಡಿಯಲ್ಲಿ ಕೊಳ್ಳುವವರಿಗೆ ಒಂದು ಎಚ್ಚರಿಕೆ. ನೀರಿನ ಗಿಡವೆಂದು ಕುಂಡದ ಗಿಡಗಳನ್ನು ಮಾರುವುದುಂಟು. ಲಕ್ಕಿ ಬ್ಯಾಂಬೂ ಅದಕ್ಕೆ ಉದಾಹರಣೆ. ಪೂರ್ತಿ ಮುಳುಗಿಸಿದರೆ ಅವು ಕೆಲವು ತಿಂಗಳಲ್ಲಿ ಕೊಳೆಯುತ್ತವೆ. ಗಿಡವನ್ನು ನೀರಿನಿಂದ ಮೇಲೆತ್ತಿ ನೋಡಿ. ಎಲೆ, ಕಾಂಡಗಳು ಸೆಟೆದು ನಿಂತರೆ ಅನುಮಾನಿಸಿ. ಒದ್ದೆ ಬಟ್ಟೆಯಂತೆ ಜೋತುಬಿದ್ದರೆ ಅದು ನೀರಿನಲ್ಲಿಯೇ ಬೆಳೆದದ್ದು. ನೀರಿನ ಆಸರೆಯಿರುವಾಗ ಗಿಡಕ್ಕೆ ಗಟ್ಟಿ ಬೆನ್ನೆಲುಬಿನ ಅಗತ್ಯವಿಲ್ಲ.

ಗಿಡಗಳು ಬೇರೂರಿ ತಿಂಗಳಾದ ಮೇಲೆ ಆರು ಗಪ್ಪಿ ಮೀನುಗಳನ್ನು ಬಿಡಬಹುದು. ಸೊಳ್ಳೆಯ ಮರಿಗಳನ್ನು ತಿನ್ನಲೆಂದು ಆರೋಗ್ಯ ಇಲಾಖೆ ಬಾವಿ, ತೊಟ್ಟಿಗಳಿಗೆ ಬಿಡುವ ಮೀನು ಇದೇ. ಗಡಸು ನೀರು ಅದಕ್ಕೂ ಒಗ್ಗುತ್ತದೆ. ರಜೆಯಲ್ಲಿ ವಾರಕ್ಕೊಮ್ಮೆ ಆರಿದ ನೀರನ್ನು ತುಂಬಲು ಒಬ್ಬರನ್ನು ಗೊತ್ತುಮಾಡಬೇಕು. ನೀರು ಆರಿದರೂ ಲವಣ ಉಳಿಯುವುದರಿಂದ ಆಗ ಸವಳು ನೀರಿನ ಬದಲು ಶುದ್ಧ ನೀರಿನ ಘಟಕದ ನೀರನ್ನೋ ಹಿಡಿದಿಟ್ಟ ಮಳೆನೀರನ್ನೋ ಹಾಕುವುದು ಒಳ್ಳೆಯದು.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮಾತು. ಗಿಡ ಬೆಳೆದಾಗ ಕತ್ತರಿಸಲೇಬೇಕು. ಕತ್ತರಿಸಿದ್ದನ್ನು ಕೆರೆಗಾಗಲಿ ಹಳ್ಳಕ್ಕಾಗಲಿ ಚೆಲ್ಲಕೂಡದು. ನಮ್ಮ ನಾಡಿನ ಎಷ್ಟೋ ಕೆರೆಗಳನ್ನು ಮುಚ್ಚಿಹಾಕಿರುವ ನೇರಳೆ ಹೂವಿನ ಕಳೆ, ಜನ ಅಂತರಗಂಗೆಯೆಂದೇ ಕರೆಯುವ ವಾಟರ್ ಹಯಸಿಂತ್, ದಕ್ಷಿಣ ಅಮೆರಿಕದಿಂದ ಹೂವಿನ ಅಂದಕ್ಕಾಗಿ ಊರೂರಿಗೆ ಹೋದದ್ದು. ಇತ್ತ ನಮ್ಮ ಹೈಡ್ರಿಲ್ಲಾ 1950ರ ದಶಕದಲ್ಲಿ ಶ್ರೀಲಂಕಾದಿಂದ ಅಕ್ವೇರಿಯಂ ವ್ಯಾಪಾರದ ಮೂಲಕ ಫ್ಲಾರಿಡಾಕ್ಕೆ ಹೋಗಿ ಅಲ್ಲಿನ ಕಾಲುವೆಗಳನ್ನು ಕಟ್ಟಿಹಾಕಿತು. ಇಲ್ಲಿ ಮೀನಿಗೆ ಆಶ್ರಯವಾದದ್ದು ಅಲ್ಲಿ ಪೀಡೆಯಾಯಿತು. ಗಿಡದಲ್ಲಿ ದೋಷವಿಲ್ಲ, ಅದನ್ನು ಎಲ್ಲಿ ಬಿಟ್ಟೆವು ಎಂಬುದರಲ್ಲಿದೆ. ಕತ್ತರಿಸಿದ ಎಳೆಗಳನ್ನು ಶಾಲೆಯ ಅಂಗಳದ ಬಿಸಿಲಿನಲ್ಲಿ ಒಣಗಿಸಿ ಬೇವಿನ ಸಸಿಗಳ ಬುಡಕ್ಕೆ ಹಾಕಲಿ. ಈ ಕೆಲಸವನ್ನು ಮಕ್ಕಳ ಕೈಯಿಂದಲೇ ಮಾಡಿಸಬೇಕೆಂದು ಮುಖ್ಯೋಪಾಧ್ಯಾಯರಲ್ಲಿ ನನ್ನ ವಿನಂತಿ. ಸಿಲಿಂಡರಿಗೆಂದು ತೆಗೆದಿಟ್ಟ ಹಣ ಉಳಿಯಿತಲ್ಲ, ಅದರಲ್ಲಿ ಪ್ರಯೋಗಾಲಯಕ್ಕೆ ಹತ್ತು ಆಲಿಕೆ, ಹತ್ತು ಬೀಕರು, ಹತ್ತು ಪ್ರನಾಳ ಕೊಡಿಸು ಎಂದು ಶಿಷ್ಯನಿಗೆ ಹೇಳುತ್ತೇನೆ. ಗುಳ್ಳೆ ಏಳುವುದನ್ನು ಮಕ್ಕಳು ಮಾಸ್ತರರ ಮೇಜಿನ ಮೇಲೆ ದೂರದಿಂದ ನೋಡುವುದು ಬೇಡ, ತಮ್ಮ ತಮ್ಮ ಬೆಂಚಿನ ಮೇಲೆಯೇ ಎಣಿಸಲಿ.