ಕಬ್ಬದ ಗೆಣ್ಣು

ಕಳೆದ ಮಳೆಗಾಲದಲ್ಲಿ, ಬಹುಕಾಲದಿಂದ ಪೆಟ್ಟಿಗೆಯ ತಳದಲ್ಲಿ ಬಿದ್ದಿದ್ದ ನನ್ನ ಕೆಲವು ಬರಹಗಳನ್ನು ಕಟ್ಟಿಕೊಂಡು ಅಚ್ಚಿನ ಮನೆಗೆ ಹೋದಾಗ, ಅಲ್ಲಿ ಅಕ್ಷರಜೋಡಣೆಯ ಕೆಲಸದಲ್ಲಿದ್ದ ತರುಣನೊಬ್ಬನು ಹಾಳೆಗಳನ್ನು ಒಂದೊಂದಾಗಿ ಮಗುಚಿ ನೋಡಿ, ನಾನು ಎರಡು ಸಾಲಿನಷ್ಟು ತೆರಪು ಬಿಟ್ಟಿದ್ದ ಒಂದೆಡೆ ಬೆರಳಿಟ್ಟು, “ಸಾರ್, ಇಲ್ಲಿ ಬ್ರೇಕ್ ಕೊಡ್ಲಾ?” ಎಂದು ಕೇಳಿದನು. ದಿನವೆಲ್ಲ ಅಕ್ಷರಕ್ಕೆ ಅಕ್ಷರ ಜೋಡಿಸುವುದೇ ಕಸುಬಾದವನ ಬಾಯಲ್ಲಿ ಆ ಮಾತು ಕೇಳಿದೊಡನೆ, ಸುಖವಾಗಿ ತೂಕಡಿಸುತ್ತಿದ್ದ ಪ್ರಯಾಣಿಕರು ಬಸ್ಸು ಗಕ್ಕನೆ ನಿಂತು ಮುಂದಿನ ಸೀಟಿನ ಕಂಬಿಗೆ ಹಣೆ ಬಡಿಸಿಕೊಂಡಂತೆ ನನಗೆ ಆಯಿತು. “ಬ್ರೇಕಲ್ಲಪ್ಪ, ಅಲ್ಲಿಗೆ ಒಂದು...” ಎಂದು ಪ್ರಾರಂಭಿಸಿದವನು ಆ ‘ಒಂದು’ ಎಂಬುದರ ಮುಂದೆ ಯಾವ ಪದವನ್ನಿಡಬೇಕೆಂದು ತೋರದೆ ತಡವರಿಸಿದೆ. ಅಧ್ಯಾಯವೆನ್ನೋಣವೆ? ನನ್ನ ಹರಟೆಗೆ ಅಷ್ಟು ದೊಡ್ಡ ಪೇಟ ಸಲ್ಲದು. ಪ್ರಕರಣವೆನ್ನೋಣವೆ? ಪ್ರಕರಣಗಳು ಈಗ ಪೊಲೀಸು ಠಾಣೆಗಳಲ್ಲಿ ದಾಖಲಾಗುತ್ತವೆಯೇ ಹೊರತು ಪುಸ್ತಕಗಳಲ್ಲಿ ಅಲ್ಲ. ಪರಿಚ್ಛೇದ? ನೃಪತುಂಗನ ಆಸ್ಥಾನದ ‘ಕವಿರಾಜಮಾರ್ಗ’ ಮೂರು ಪರಿಚ್ಛೇದಗಳ ಗ್ರಂಥವೆಂಬುದನ್ನು ಬಲ್ಲೆನಾದರೂ, ಸುತ್ತಲೂ ಕತ್ತರಿಸುವುದೆಂಬ ಅರ್ಥದ ಆ ಮಾತಿನಲ್ಲಿ ತರುಣನ ‘ಬ್ರೇಕೇ’ ಪಟ್ಟೆಮಡಿ ಉಟ್ಟು ಕುಳಿತಂತಿದೆಯಷ್ಟೆ. “ನಾಳೆ ಹೇಳುತ್ತೇನೆ” ಎಂದು ಹೊರಟುಬಂದೆ. ಆ ನಾಳೆ ಬರಲು ಮೂರು ವಾರ ಹಿಡಿಯಿತು.

ಮನೆಗೆ ಬಂದು ನಿಘಂಟನ್ನು ತೆರೆದು ಕುಳಿತಾಗ ಮೊದಲು ನನ್ನನ್ನು ತಡೆದು ನಿಲ್ಲಿಸಿದವು, ಹುಟ್ಟಿದಂದಿನಿಂದ ಕೇಳಿ ಕೇಳಿ ಅರ್ಥವನ್ನೇ ವಿಚಾರಿಸದೆ ಬಿಟ್ಟಿದ್ದ ಎರಡು ಮಾತುಗಳು: ಕಾಂಡ ಮತ್ತು ಪರ್ವ. ರಾಮಾಯಣಕ್ಕೆ 7 ಕಾಂಡ, ಭಾರತಕ್ಕೆ 18 ಪರ್ವ ಎಂಬುದನ್ನು ಅರಿಯದವರಾರು? ಆದರೆ ಕಾಂಡವೆಂದರೆ ಬಿದಿರು ಬೆತ್ತ ಕಬ್ಬುಗಳಲ್ಲಿ ಒಂದು ಗೆಣ್ಣಿನಿಂದ ಇನ್ನೊಂದು ಗೆಣ್ಣಿನವರೆಗಿನ ಭಾಗವೆಂದೂ, ಪರ್ವವೆಂದರೆ ಆ ಗೆಣ್ಣೇ ಎಂದೂ ಓದಿದಾಗ, ಕಬ್ಬಿನ ಸೀಮೆಯಲ್ಲಿ ಹುಟ್ಟಿ, ಹಲ್ಲು ಗಟ್ಟಿಯಾಗಿದ್ದ ಕಾಲವನ್ನೆಲ್ಲ ಆಲೆಮನೆಯ ಸುತ್ತ ಕಳೆದ ನನಗೆ, ಯಾರೋ ನಮ್ಮೂರಿನವರೇ ಪರಸ್ಥಳದಲ್ಲಿ ಎದುರಾದಷ್ಟು ಸಂತೋಷವಾಯಿತು. ಒಬ್ಬ ಮುನಿಯ ಕೃತಿಗೆ ಗೆಣ್ಣುಗಳ ನಡುವಣ ಸಪೂರವಾದ ರಸಭಾಗದ ಹೆಸರು, ಇನ್ನೊಬ್ಬನ ಕೃತಿಗೆ ಗೆಣ್ಣಿನದೇ ಹೆಸರು! ರಾಮಾಯಣದ ನಡೆ ನೇರ, ಸಿಗಿದರೆ ಸರ್ರನೆ ಸಿಪ್ಪೆ ಬರುತ್ತದೆ. ಭಾರತವಾದರೋ ಎಲ್ಲಿ ಹಲ್ಲಿಟ್ಟರೂ ಗಂಟು. ಇದು ನಿಘಂಟುಕಾರರ ಮಾತಲ್ಲ, ಕಬ್ಬು ಜಗಿದವನ ಮಾತೆಂದು ವಿದ್ವಾಂಸರು ಕ್ಷಮಿಸಬೇಕು. ಕಾವ್ಯವೆಂಬುದು ಕನ್ನಡಕ್ಕೆ ಬಂದು ‘ಕಬ್ಬ’ವಾದದ್ದೂ ಈ ಸಲಿಗೆಗೆ ಅರ್ಧ ಕಾರಣ.

ಗೆಣ್ಣೆಂಬುದು ಕಬ್ಬು ಮುಗಿಯುವ ಸ್ಥಳವಲ್ಲವೆಂಬುದನ್ನು ಬೇಸಾಯಗಾರನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಿತ್ತನೆಗೆಂದು ಕಬ್ಬನ್ನು ತುಂಡುಮಾಡುವಾಗ ಪ್ರತಿಯೊಂದು ತುಂಡಿನಲ್ಲಿಯೂ ಗೆಣ್ಣಿನ ಕಣ್ಣು ಉಳಿಯುವಂತೆ ನೋಡಿಕೊಳ್ಳುತ್ತಾರೆ, ಮೊಳಕೆಯೊಡೆಯುವುದು ಅಲ್ಲಿಂದ. ನಡುವಣ ರಸವತ್ತಾದ ಭಾಗವನ್ನು ಎಷ್ಟು ನೆಟ್ಟರೂ ಫಲವಿಲ್ಲ. ಇನ್ನು ಈ ಪರ್ವವೆಂಬ ಮಾತು ಪಕ್ಷಕ್ಕೆ ಪಕ್ಷ ಕೂಡುವ ಹುಣ್ಣಿಮೆ ಅಮಾವಾಸ್ಯೆಗಳಿಗೂ ಹೆಸರಾಗಿ, ಅಲ್ಲಿಂದ ಪುಣ್ಯದಿನಗಳಿಗೆಲ್ಲ ಹಬ್ಬಿ, ಕನ್ನಡದಲ್ಲಿ ಮೊದಲು ‘ಪಬ್ಬ’ವಾಗಿ ತರುವಾಯ ‘ಹಬ್ಬ’ವಾಯಿತು. ಹಾಗೆಂದ ಮೇಲೆ ವ್ಯಾಸರ ಭಾರತ ಹದಿನೆಂಟು ಹಬ್ಬಗಳ ಗ್ರಂಥ. ಸ್ತ್ರೀಪರ್ವವೂ ಮೌಸಲಪರ್ವವೂ ಯಾರ ಮನೆಯ ಹಬ್ಬವೆಂದು ಮಾತ್ರ ಕೇಳಬಾರದು.

ನಮ್ಮೂರಲ್ಲಿ ಮಾತ್ರ ಪರ್ವವೊಂದು ನಿಜವಾಗಿಯೂ ಹಬ್ಬವಾಗುತ್ತಿತ್ತು. ಆಷಾಢ ಕಳೆದರೂ ಮೋಡ ಕಟ್ಟದಿದ್ದರೆ ಊರಿನವರೆಲ್ಲ ಸೇರಿ ವಿರಾಟಪರ್ವವನ್ನು ಓದಿಸುವುದು, ಕನ್ನಡ ನಾಡಿನ ಬಹಳ ಊರುಗಳಲ್ಲಿದ್ದಂತೆ, ನಮ್ಮಲ್ಲಿಯೂ ನಡೆದುಬಂದ ಪದ್ಧತಿ. ಓದುವವರು ನನ್ನ ತಾತ. ಅವರ ಬಳಿಯಿದ್ದ ಕುಮಾರವ್ಯಾಸ ಭಾರತದ ಪ್ರತಿಗೆ ಮುಖಪುಟವಾಗಲಿ ಕಡೆಯ ಹಾಳೆಗಳಾಗಲಿ ಇರಲಿಲ್ಲ. ಕಡೆಯ ಹಾಳೆಗಳು ಇಲ್ಲದಿದ್ದರೇನಂತೆ, ಗದುಗಿನ ನಾರಣಪ್ಪನೇ ಹತ್ತು ಪರ್ವಗಳಿಗೆ ನಿಲ್ಲಿಸಿ ಉಳಿದುದನ್ನು ತಿಮ್ಮಣ್ಣ ಕವಿಗೆ ಬಿಟ್ಟುಹೋದವನಲ್ಲವೆ ಎಂದು ಅವರು ನಗುತ್ತಿದ್ದರು. ಆ ಹತ್ತು ಪರ್ವಗಳೊಳಗೆ ಮತ್ತೆ ನೂರೈವತ್ತರ ಆಸುಪಾಸು ಸಂಧಿಗಳು. ಪ್ರತಿ ಸಂಧಿಯ ಬಾಗಿಲಲ್ಲಿಯೂ, ಒಳಗೆ ನಡೆಯಲಿರುವ ಕಥೆಯನ್ನು ಮೊದಲೇ ಹೇಳಿಬಿಡುವ ‘ಸೂಚನೆ’ಯೆಂಬ ಒಂದು ಕಿರುಪದ್ಯ. ಮುಂದೇನಾಗುವುದೋ ಎಂಬ ಕುತೂಹಲವನ್ನು ಕಡೆಯ ಪುಟದವರೆಗೆ ಬಚ್ಚಿಡುವ ಈಗಿನ ಕಾದಂಬರಿಕಾರರಿಗೆ ಇದು ಕೈಯಲ್ಲಿದ್ದ ತುರುಪನ್ನು ತಾನೇ ಕಳೆದುಕೊಂಡಂತೆ ಕಾಣಬಹುದು. ಆದರೆ ಕೀಚಕನು ಸಾಯುವನೆಂದು ತಿಳಿಯದೆ ಕೀಚಕವಧೆಯನ್ನು ಕೇಳಲು ಬಂದವರು ನಮ್ಮೂರಲ್ಲಿ ಒಬ್ಬರೂ ಇರಲಿಲ್ಲ.

ತಾತನವರಲ್ಲಿ ಒಂದು ನಿಯಮವಿತ್ತು. ರಾತ್ರಿ ಎಷ್ಟೇ ಹೊತ್ತಾಗಿರಲಿ, ಲಾಂದ್ರದಲ್ಲಿ ಎಣ್ಣೆ ಎಷ್ಟೇ ಇಳಿದಿರಲಿ, ಒಂದು ಸಂಧಿಯ ಕೊನೆಯ ಪದ್ಯಕ್ಕೆ ಪುಸ್ತಕವನ್ನು ಮುಚ್ಚುತ್ತಿರಲಿಲ್ಲ. ಹಾಳೆ ತಿರುವಿ, ಮುಂದಿನ ಸಂಧಿಯ ಸೂಚನೆಯನ್ನು ಓದಿ, ಆ ಮೇಲೆ ನವಿಲುಗರಿಯಿಟ್ಟು ಮುಚ್ಚುವರು. ಏಕೆಂದು ಒಮ್ಮೆ ಕೇಳಿದ್ದಕ್ಕೆ, “ಸಂಧೀಲಿ ನಿಲ್ಲಿಸಿದ್ರೆ ಸಂಧಿ ಕೂಡೋದು ಹೆಂಗೋ ಮಗ?” ಎಂದರು. ಆಗ ಅದು ನನಗೆ ಅರ್ಥವಾಗಲಿಲ್ಲ. ಸಂಧಿಯೆಂದರೆ ಮನೆಯ ಹಿಂದಣ ಇಕ್ಕಟ್ಟಾದ ಓಣಿಯೆಂದೇ ತಿಳಿದಿದ್ದೆ. ಕೇಶಿರಾಜನ ‘ಶಬ್ದಮಣಿದರ್ಪಣ’ದ ಎಂಟು ಪ್ರಕರಣಗಳಲ್ಲಿ ಮೊದಲನೆಯದು ಸಂಧಿಪ್ರಕರಣವೆಂಬುದನ್ನೂ, ಅಲ್ಲಿ ಸಂಧಿಯೆಂದರೆ ವರ್ಣಕ್ಕೆ ವರ್ಣ ಕೂಡುವುದೆಂಬುದನ್ನೂ ಪಂಡಿತರೊಬ್ಬರ ಬೆತ್ತದ ಸಹಾಯದಿಂದ ಕಲಿತ ಮೇಲೆಯೂ, ಕೂಡುವುದಕ್ಕೆ ಹೆಸರಾದ ಮಾತೇ ಕಾವ್ಯದಲ್ಲಿ ವಿಭಾಗಕ್ಕೂ ಹೆಸರಾಗಿದೆಯಲ್ಲ ಎಂಬ ಆಶ್ಚರ್ಯ ಹುಟ್ಟಲು ಮತ್ತೆ ಮೂವತ್ತು ವರ್ಷ ಬೇಕಾಯಿತು. ನಮ್ಮ ಷಟ್ಪದಿಯ ಕವಿಗಳಿಗೆ ಈ ಸಂಧಿ ಎಲ್ಲಿಂದ ಬಂದಿತೋ. ಅಪಭ್ರಂಶ ಭಾಷೆಯ ಜೈನಕವಿಗಳು ತಮ್ಮ ಕಾವ್ಯಗಳನ್ನು ಸಂಧಿಗಳಾಗಿಯೇ ಏರ್ಪಡಿಸುತ್ತಿದ್ದರು, ಅವರಲ್ಲಿ ಅಗ್ರಗಣ್ಯನಾದ ಪುಷ್ಪದಂತನು ತನ್ನ 102 ಸಂಧಿಗಳ ‘ಮಹಾಪುರಾಣ’ವನ್ನು ರಚಿಸಿದ್ದು ಬೇರೆಲ್ಲೂ ಅಲ್ಲ, ಈಗಿನ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ, ರಾಷ್ಟ್ರಕೂಟರ ಕಾಲದಲ್ಲಿ. ನೆರೆಮನೆಯಿಂದ ಹೆಪ್ಪು ತಂದಂತೆ ಆ ಮಾತು ಕನ್ನಡಕ್ಕೆ ಬಂದಿರಬಹುದೆಂದು ನನ್ನ ಊಹೆ.

ಆ ಪುಷ್ಪದಂತನ ಕಾಲದವನೇ ಆದ ನಮ್ಮ ಪಂಪನು ಹಿಡಿದ ಮಾತು ಬೇರೆ. 941ರಲ್ಲಿ ರಚಿಸಿದ ‘ಆದಿಪುರಾಣ’ಕ್ಕೆ 16 ಆಶ್ವಾಸ, ‘ವಿಕ್ರಮಾರ್ಜುನ ವಿಜಯ’ಕ್ಕೆ 14 ಆಶ್ವಾಸ, ಆತನ ಹಿಂದೆ ಬಂದ ರನ್ನನ ‘ಗದಾಯುದ್ಧ’ಕ್ಕೆ 10 ಆಶ್ವಾಸ. ಆಶ್ವಾಸವೆಂದರೆ ಉಸಿರೆಳೆದುಕೊಳ್ಳುವುದು, ಸುಧಾರಿಸಿಕೊಳ್ಳುವುದು. ಪ್ರಾಕೃತದ ‘ಸೇತುಬಂಧ’ದಲ್ಲಿಯೂ ಇದೇ ಹೆಸರುಂಟು, ಸಂಸ್ಕೃತದಲ್ಲಿ ಬಾಣನು ತನ್ನ ‘ಹರ್ಷಚರಿತ’ದ ಎಂಟು ಭಾಗಗಳನ್ನು ಉಚ್ಛ್ವಾಸಗಳೆಂದು ಕರೆದನು. ಬಾಣನ ಗದ್ಯವನ್ನು ಗಟ್ಟಿಯಾಗಿ ಓದಿ ನೋಡಿದವರಿಗೆ ಆ ಹೆಸರು ಕವಿಸಮಯವಲ್ಲ, ದೇಹಧರ್ಮವೆಂಬುದು ತಾನಾಗಿಯೇ ಗೊತ್ತಾಗುತ್ತದೆ. ಪುಸ್ತಕವೆಂದರೆ ಬಾಯಿಂದ ಕಿವಿಗೆ ಹೋಗುವ ವಸ್ತುವಾಗಿದ್ದಾಗ ಅದರ ಅಳತೆಗೋಲು ಮೊಳವೂ ಅಲ್ಲ, ಪುಟವೂ ಅಲ್ಲ, ಓದುವವನ ಎದೆ. ಯುದ್ಧವರ್ಣನೆಯೋ ಪ್ರಲಾಪವೋ ಮುಗಿದಲ್ಲಿ ಕವಿ ಓದುಗನ ಬೆನ್ನು ತಟ್ಟಿ ‘ಸ್ವಲ್ಪ ಕೂತುಕೋ’ ಎನ್ನುತ್ತಾನೆ. ಆಶ್ವಾಸದ ಕೊನೆಯಲ್ಲಿ ಗ್ರಂಥದ ಹೆಸರನ್ನೂ ಆಶ್ವಾಸದ ಸಂಖ್ಯೆಯನ್ನೂ ಹೇಳುವ ಗದ್ಯವೊಂದು ಬರುತ್ತದೆ, ನೀರಿನ ತಂಬಿಗೆ ಬಂದ ಹಾಗೆ. ಈಗ ಆಶ್ವಾಸನೆ ಎಂದರೆ ಚುನಾವಣೆಗೆ ನಿಂತವರು ಕೊಡುವಂಥದೆಂದು ಆಗಿಹೋಗಿರುವುದರಿಂದ, ನನ್ನ ಪುಸ್ತಕಕ್ಕೆ ಆ ಮಾತನ್ನು ತೆಗೆದುಕೊಳ್ಳುವ ಧೈರ್ಯ ಬರಲಿಲ್ಲ.

ನಿಘಂಟಿನಲ್ಲಿ ಇಷ್ಟು ದೂರ ಬಂದ ಮೇಲೆ ನನಗೆ ಹುಚ್ಚೇ ಹಿಡಿಯಿತೆನ್ನಬೇಕು. ಕಥೆಗಳ ನದಿಗಳೆಲ್ಲ ಸೇರುವ ಸಾಗರವಾದ್ದರಿಂದ ಸೋಮದೇವನ ‘ಕಥಾಸರಿತ್ಸಾಗರ’ದಲ್ಲಿ ತರಂಗಗಳು, 124; ಆನಂದವರ್ಧನನ ‘ಧ್ವನ್ಯಾಲೋಕ’ದಲ್ಲಿ ಬೆಳಕಿನ ನಾಲ್ಕು ಉದ್ಯೋತಗಳು; ಜಗನ್ನಾಥ ಪಂಡಿತನ ‘ರಸಗಂಗಾಧರ’ದಲ್ಲಿ ಶಿವನ ಮುಖಗಳಾದ ಆನನಗಳು. ಆ ಶಿವನಿಗೆ ಐದು ಮುಖಗಳಿರಬೇಕು. ಗ್ರಂಥ ಎರಡನೆಯ ಮುಖ ಮೂಡುತ್ತಿರುವಾಗಲೇ ನಿಂತುಹೋಗಿದೆ. ಇವೆಲ್ಲ ಅಲಂಕಾರಪ್ರಿಯರ ಚಮತ್ಕಾರವೆಂದು ತಳ್ಳಿಹಾಕುವ ಮನಸ್ಸಿದ್ದರೆ ತಳ್ಳಿಹಾಕಬಹುದು. ಆದರೆ ನಮ್ಮ ಜನ್ನನ ವಿಷಯದಲ್ಲಿ ಹಾಗೆ ಮಾಡಲಾಗದು. ಆತನ ‘ಯಶೋಧರ ಚರಿತೆ’ ಸಣ್ಣ ಕಾವ್ಯ. ಅದರ ನಾಲ್ಕು ಭಾಗಗಳನ್ನು ಆತನು ಆಶ್ವಾಸಗಳೆನ್ನದೆ ಅವತಾರಗಳೆಂದನು. ಹಿಟ್ಟಿನ ಕೋಳಿಯನ್ನು ಬಲಿಗೊಟ್ಟ ಒಂದೇ ಸಂಕಲ್ಪಹಿಂಸೆಯ ಫಲವಾಗಿ ಯಶೋಧರನೂ ಅವನ ತಾಯಿ ಚಂದ್ರಮತಿಯೂ ನವಿಲಾಗಿ ನಾಯಾಗಿ, ಮತ್ತೆ ಮತ್ತೆ ಪ್ರಾಣಿಗಳ ಒಡಲುಗಳನ್ನು ಹೊಕ್ಕು ಹೊರಟು, ಕಟ್ಟಕಡೆಗೆ ಮನುಷ್ಯರಾಗಿ ಅವಳಿಮಕ್ಕಳಾಗಿ ಹುಟ್ಟುವ ಕಥೆಗೆ, ಪುಟ ತಿರುವುವುದೂ ಇನ್ನೊಂದು ಗರ್ಭಕ್ಕೆ ಇಳಿಯುವುದೂ ಒಂದೇ ಎಂಬಂತೆ ಹೆಸರಿಟ್ಟ ಕವಿಯ ಮುಂದೆ, ‘ಅಧ್ಯಾಯ ಒಂದು, ಅಧ್ಯಾಯ ಎರಡು’ ಎಂದು ಬರೆಯುತ್ತ ಹೋಗುವ ನಮ್ಮ ಕೈಗಳು ಎಷ್ಟು ಸೋಮಾರಿಗಳು! ಚಾಮರಸನೂ ಇದೇ ಜಾತಿಯವನು: ಎಲ್ಲಿಯೂ ನಿಲ್ಲದೆ ನಡೆದ ಅಲ್ಲಮಪ್ರಭುವಿನ ಚರಿತ್ರೆಯಾದ ‘ಪ್ರಭುಲಿಂಗಲೀಲೆ’ಯ 25 ವಿಭಾಗಗಳಿಗೆ ಆತನು ಕೊಟ್ಟ ಹೆಸರು ‘ಗತಿ’. ನಿಲುಗಡೆಗೇ ನಡಿಗೆಯ ಹೆಸರು.

ಅಧ್ಯಾಯವೆಂಬ ಮಾತನ್ನು ಇಷ್ಟು ಹಗುರವಾಗಿ ಆಡಿದ್ದಕ್ಕೆ ಪ್ರಾಯಶ್ಚಿತ್ತವಾಗಿ ಒಂದೆರಡು ಮಾತು. ಅದು ಓದಿನ ಮನೆಯ ಪದ, ಗುರುವಿನೆದುರು ಕುಳಿತು ಕಲಿತ ಪಾಠ. ಪತಂಜಲಿಯ ಮಹಾಭಾಷ್ಯದ 85 ವಿಭಾಗಗಳಿಗೆ ಆಹ್ನಿಕಗಳೆಂದು ಹೆಸರು, ಎಂದರೆ ಒಂದೊಂದು ಹಗಲಿನ ಕೆಲಸ. ಕೃಷ್ಣಯಜುರ್ವೇದಿಗಳಂತೂ ಸಂಹಿತೆಯ ಅನುವಾಕಗಳನ್ನು 50 ಪದಗಳಿಗೊಂದಾಗಿ ಎಣಿಸಿ ನಿಲ್ಲಿಸುತ್ತಾರೆ. ವಾಕ್ಯ ಮುಗಿದಿದೆಯೋ ಇಲ್ಲವೋ ಎಂಬುದು ಅಲ್ಲಿ ಲೆಕ್ಕಕ್ಕಿಲ್ಲ, ನೆನಪಿಗೆ ಒಂದು ಹಿಡಿ ಸಿಕ್ಕಿದರೆ ಸಾಕು. ಹುಡುಗನಾಗಿದ್ದಾಗ ನನಗೆ ಈ ಕುಲದಲ್ಲೆಲ್ಲ ಅತ್ಯಂತ ಪ್ರಿಯವಾಗಿದ್ದ ಪದವೆಂದರೆ, ಪಾಡ್ಯ ಅಷ್ಟಮಿಗಳಂದು ಪಾಠವಿಲ್ಲವೆಂದು ಸಾರುತ್ತಿದ್ದ ‘ಅನಧ್ಯಯನ’.

ಕವಿಗಳಿಗೂ ಪಂಡಿತರಿಗೂ ಮಾತ್ರ ಈ ಹೆಸರಿಡುವ ಹಕ್ಕು ಸೇರಿದ್ದಲ್ಲ. ಮಲೆಯ ಮಾದೇಶ್ವರನ ಕಥೆಯನ್ನು ಕಂಸಾಳೆ ಹಿಡಿದು ಹಾಡುವ ದೇವರಗುಡ್ಡರಿಗೆ ಕಾಂಡವೂ ಬೇಡ, ಆಶ್ವಾಸವೂ ಬೇಡ; ಅವರದು ‘ಸಾಲು’. “ಸಂಕಮ್ಮನ ಸಾಲು ಹಾಡ್ರಪ್ಪ” ಎಂದರೆ ಸಾಕು, ಆ ಭಾಗ ಎದ್ದು ಬರುತ್ತದೆ. ನೇಗಿಲು ಗೀರಿದ ಸಾಲು, ಗದ್ದೆಯಲ್ಲಿ ನಾಟಿ ಹಾಕಿದ ಸಾಲು, ಬರೆದ ಸಾಲು ಎಲ್ಲಕ್ಕೂ ಅದೊಂದೇ ಮಾತು. ಹೊಲದ ಈ ಅಂಚಿನಿಂದ ಆ ಅಂಚಿಗೆ ಹೋಗಿ ಎತ್ತು ತಿರುಗಿಸುವಷ್ಟು ಹಾಡು. ಅಂತೆಯೇ ನಮ್ಮ ಅಚ್ಚಿನವರು ಪ್ಯಾರಾ ಎನ್ನುವುದನ್ನು ಹಿಂದಿನ ಸಂಪಾದಕರು ‘ಕಂಡಿಕೆ’ ಎನ್ನುತ್ತಿದ್ದರು. ಆ ಪದಕ್ಕೆ ಸಂಸ್ಕೃತದ ಕುಲವುಂಟು, ನಿಜ. ಆದರೆ ನೇಕಾರರ ಕೇರಿಯಲ್ಲಿ ಕೇಳಿ ನೋಡಿ, ಕಂಡಿಕೆಯೆಂದರೆ ಲಾಳಿಯೊಳಗೆ ಇಡುವ ನೂಲಿನ ಸುತ್ತು. ಒಂದು ಕಂಡಿಕೆ ತೀರಿದರೆ ಮಗ್ಗ ಅರೆಗಳಿಗೆ ನಿಲ್ಲುತ್ತದೆ, ಇನ್ನೊಂದನ್ನಿಟ್ಟು ತುದಿಗೆ ತುದಿ ಹೊಸೆದರೆ ಸೀರೆ ಮುಂದುವರಿಯುತ್ತದೆ, ಉಟ್ಟವಳಿಗೆ ಆ ಜಾಗ ಗೊತ್ತಾಗಕೂಡದು. ಇವೆರಡೂ ಮಾತುಗಳಿಗೆ ನಂಟಿದೆಯೋ ಇಲ್ಲವೋ ಭಾಷಾಶಾಸ್ತ್ರಜ್ಞರು ನೋಡಿಕೊಳ್ಳಲಿ. ಗಂಟೆಂಬ ಅರ್ಥದ ‘ಗ್ರಂಥ’ವನ್ನೂ ದಾರವೆಂಬ ಅರ್ಥದ ‘ಸೂತ್ರ’ವನ್ನೂ ಒಪ್ಪಿಕೊಂಡ ಸಂಸಾರದಲ್ಲಿ ನೂಲಿನ ಸುತ್ತೊಂದಕ್ಕೆ ಜಾಗವಿರಲಾರದೆ? ಈಚಿನವರಲ್ಲಿ ಕುವೆಂಪು ಅವರು ‘ಶ್ರೀ ರಾಮಾಯಣ ದರ್ಶನಂ’ ಬರೆಯುವಾಗ ವಾಲ್ಮೀಕಿಯ ಕಾಂಡಗಳನ್ನು ಹಾಗೆಯೇ ಎತ್ತಿಕೊಳ್ಳದೆ, ನಾಲ್ಕು ಸಂಪುಟಗಳಲ್ಲಿ 50 ಸಂಚಿಕೆಗಳನ್ನಿಟ್ಟರು. ತಿಂಗಳು ತಿಂಗಳೂ ಅಂಚೆಯಲ್ಲಿ ಬರುವ ಪತ್ರಿಕೆಯ ಪದ ಮಹಾಕಾವ್ಯದಲ್ಲಿ ಹಾಗೆ ಸಲೀಸಾಗಿ ಕುಳಿತದ್ದನ್ನು ಕಂಡು ನನಗೆ ಅಸೂಯೆಯೇ ಆಯಿತು.

ಆ ಅಸೂಯೆಯಲ್ಲಿಯೇ ನಾನೂ ಒಂದು ಸಾಹಸಕ್ಕೆ ಕೈಹಾಕಿದೆ. ನನ್ನದು ಕಬ್ಬವಲ್ಲ, ಗದ್ಯ. ಆದರೂ ಕಬ್ಬಿನ ಸೀಮೆಯವನಾದ ನನಗೆ ತಾತನ ಸಂಧಿಯನ್ನೂ ವ್ಯಾಸರ ಪರ್ವವನ್ನೂ ಒಂದೇ ಅಚ್ಚಗನ್ನಡದ ಮಾತಿನಲ್ಲಿ ಹಿಡಿಯುವ ಅಧಿಕಾರ ಉಂಟೆಂದು ಭಾವಿಸಿ, ಹಸ್ತಪ್ರತಿಯ ಒಂಬತ್ತು ಭಾಗಗಳ ತಲೆಯ ಮೇಲೂ ‘ಮೊದಲನೆಯ ಗೆಣ್ಣು’, ‘ಎರಡನೆಯ ಗೆಣ್ಣು’ ಎಂದು ನನ್ನ ಅಂದವಲ್ಲದ ಅಕ್ಷರಗಳಲ್ಲಿ ಬರೆದು, ಅಚ್ಚಿನ ಮನೆಗೆ ಕಳುಹಿಸಿ, ಕನ್ನಡಕ್ಕೆ ಒಂದು ಉಪಕಾರ ಮಾಡಿದವನ ಹಾಗೆ ಕಾಲು ಚಾಚಿ ಕುಳಿತೆ.

ಹದಿನೈದು ದಿನಗಳ ತರುವಾಯ ಕರಡಚ್ಚು ಬಂದಿತು. ಪಾಪ, ಆ ತರುಣ ಪೇಟೆಯಲ್ಲಿ ಬೆಳೆದವನು, ಕಬ್ಬನ್ನು ಗಾಜಿನ ಲೋಟದಲ್ಲಷ್ಟೇ ಕಂಡವನು. ನನ್ನ ಬರವಣಿಗೆಯಲ್ಲಿ ತಪ್ಪಾಗಿದೆಯೆಂದು ತಿಳಿದು, ಸೌಜನ್ಯದಿಂದ, ಒಂಬತ್ತು ಕಡೆಯಲ್ಲಿಯೂ ಒಂದೇ ಸಮನಾಗಿ ತಿದ್ದಿದ್ದನು. ನನಗಿಂತ ಮೊದಲು ಅದನ್ನು ಬಿಚ್ಚಿದ ನನ್ನ ಮನೆಯಾಕೆ ಕನ್ನಡಕವನ್ನು ಮೂಗಿನ ಮೇಲೆ ಏರಿಸಿಕೊಂಡು ‘ಮೊದಲನೆಯ ಹೆಣ್ಣು’ ಎಂಬುದರಿಂದ ‘ಒಂಬತ್ತನೆಯ ಹೆಣ್ಣು’ ಎಂಬುದರವರೆಗೆ ಪರಿವಿಡಿಯನ್ನು ನಿಧಾನವಾಗಿ ಓದಿ, “ಇಷ್ಟೇನಾ, ಇನ್ನೂ ಇದ್ದಾರಾ?” ಎಂದು ಕೇಳಿದಳು. ನಾನು ಕೆಂಪು ಮಸಿಯ ಲೇಖನಿಯನ್ನು ಹುಡುಕತೊಡಗಿದೆ.